ಮಳೆಗಾಲಕ್ಕೆ ಹಳೆಯ ಜಿಪ್ಸಿ: ಕೊಳ್ಳುವ ಮುನ್ನ ನೋಡಬೇಕಾದದ್ದು



ಬೇಸಿಗೆಯಲ್ಲಿ ಬೈಕು ಓಡುವ ನಮ್ಮ ತೋಟದ ದಾರಿಗಳು ಆರಿದ್ರಾ ಮಳೆ ಹಿಡಿದ ಮೇಲೆ ದಾರಿಗಳಾಗಿ ಉಳಿಯುವುದಿಲ್ಲ. ಆದ್ದರಿಂದ ಮೇ ತಿಂಗಳು ಬಂತೆಂದರೆ ನಮ್ಮಲ್ಲಿ ಹಲವರು ಕಡಿಮೆ ಬೆಲೆಯ ಹಳೆಯ ಜಿಪ್ಸಿ ಅಥವಾ ಜೀಪು ಹುಡುಕಲು ಹೊರಡುತ್ತಾರೆ. ಸಂಘದ ಕಚೇರಿಗೆ ಬಂದು ನನ್ನನ್ನು ವಿಚಾರಿಸುವವರೂ ಇದ್ದಾರೆ. ಒಮ್ಮೆ ಮೋಸ ಹೋದವನಾದ್ದರಿಂದ ನನ್ನ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ಹಸಿರು ಬಣ್ಣ ಹೊಳೆಯುವ ಗಾಡಿಯೊಂದನ್ನು ಕೊಂಡೆ. ಫೋರ್‌ವೀಲ್ ಲಿವರ್ ಸಲೀಸಾಗಿ ಬೀಳುತ್ತಿತ್ತು, ಅಷ್ಟಕ್ಕೇ ತೃಪ್ತನಾದೆ. ಪುಷ್ಯ ಮಳೆಯ ಒಂದು ಮಧ್ಯಾಹ್ನ, ಅಡಿಕೆಗೆ ಔಷಧಿ ಹೊಡೆಯುತ್ತಿದ್ದ ಆಳು ಮರದಿಂದ ಜಾರಿ ಬಿದ್ದು ಸೊಂಟ ಮುರಿದುಕೊಂಡ. ಅವನನ್ನು ಗಾಡಿಯಲ್ಲಿ ಮಲಗಿಸಿ ಏರು ಹತ್ತಿಸಲು ಹೋದರೆ ಹಿಂದಿನ ಚಕ್ರಗಳು ಮಾತ್ರ ಗಿರ್ರನೆ ತಿರುಗಿದವು. ಮುಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಶಾಫ್ಟನ್ನು, ಸದ್ದು ಬರುತ್ತದೆಂದು, ಹಿಂದಿನ ಮಾಲೀಕರು ಬಿಚ್ಚಿ ಇಟ್ಟಿದ್ದರು! ಬಿದಿರ ಏಣಿಯ ಮೇಲೆ ಅವನನ್ನು ಮಲಗಿಸಿ ಟಾರು ರಸ್ತೆಯವರೆಗೆ ಹೊತ್ತೆವು. ಈಗ ಅವನು ನಡೆಯುತ್ತಾನೆ, ಮರ ಹತ್ತುವುದಿಲ್ಲ. ಕೊಳ್ಳುವ ದಿನ ನಾನು ಒಮ್ಮೆ ಗಾಡಿಯ ಅಡಿಗೆ ಬಗ್ಗಿ ನೋಡಿದ್ದರೆ ಸಾಕಿತ್ತು.

ಯಾವ ಗಾಡಿ?

ಮಾರುತಿ ಜಿಪ್ಸಿ 1985ರ ಡಿಸೆಂಬರಿನಲ್ಲಿ ಬಂತು. ಆಗ ಅದಕ್ಕೆ 970 ಸಿ.ಸಿ. ಎಂಜಿನ್, ನಾಲ್ಕು ಗೇರು. 1993ರಲ್ಲಿ ಎಡಬಲ ಚಕ್ರಗಳ ನಡುವಿನ ಅಗಲ ಹೆಚ್ಚಿಸಿದರು, ನಿಲುವು ಭದ್ರವಾಯಿತು. 1996ರಲ್ಲಿ ಬಂದ 'ಜಿಪ್ಸಿ ಕಿಂಗ್'ಗೆ 1298 ಸಿ.ಸಿ. ಎಂಜಿನ್, ಐದು ಗೇರು. 2000ದಲ್ಲಿ ಕಾರ್ಬ್ಯುರೇಟರ್ ಹೋಗಿ ಎಂ.ಪಿ.ಎಫ್.ಐ. ಬಂತು. ಸಾರ್ವಜನಿಕರಿಗೆ ಮಾರಾಟ 2019ರಲ್ಲಿ ನಿಂತಿತು. ಸುಮಾರು ಒಂದು ಟನ್ನಷ್ಟೇ ತೂಕವಿರುವುದರಿಂದ ಕೆಸರಿನಲ್ಲಿ ಇದು ಹೆಚ್ಚು ಹೂಳುವುದಿಲ್ಲ. ಕಂಪನಿಯಿಂದ ಬಂದದ್ದು ಪೆಟ್ರೋಲ್ ಗಾಡಿ ಮಾತ್ರ. ಡೀಸೆಲ್ ಎಂಜಿನ್ ಕೂರಿಸಿದ ಜಿಪ್ಸಿ ಕಂಡರೆ, ಆ ಬದಲಾವಣೆ ಆರ್.ಸಿ.ಯಲ್ಲಿ ನಮೂದಾಗಿದೆಯೇ ನೋಡಿ; ಇಲ್ಲದಿದ್ದರೆ ಕೈಬಿಡಿ. ಜೀಪು ಕೊಳ್ಳುವವರಿಗೆ ಇನ್ನೊಂದು ಎಚ್ಚರಿಕೆ: ಜೀಪುಗಳಲ್ಲಿ ಹಿಂದಿನ ಎರಡು ಚಕ್ರದ ಎಳೆತ ಮಾತ್ರ ಇರುವವು ಬಹಳ. ಮುಂದಿನ ಆಕ್ಸಲ್ ನಡುವೆ ಗುಂಡನೆಯ ಹೌಸಿಂಗ್ ಇದೆಯೇ ಎಂದು ಮೊದಲು ಬಗ್ಗಿ ನೋಡಿರಿ.

ಪರೀಕ್ಷಿಸುವ ಕ್ರಮ

1. ಮುಂದಿನ ಎಳೆತ: ಸಮತಟ್ಟಾದ ಜಾಗದಲ್ಲಿ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನ ಒಂದೇ ಚಕ್ರವನ್ನು ಜಾಕಿನಿಂದ ಎತ್ತಿ. ಎಂಜಿನ್ ನಿಲ್ಲಿಸಿ, ಫೋರ್‌ವೀಲ್ ಮತ್ತು ಒಂದನೇ ಗೇರು ಹಾಕಿ. ಹಬ್ಬಿಗೆ ಕೈಯಿಂದ ತಿರುಗಿಸುವ ಲಾಕ್ ಇದ್ದರೆ ಅದನ್ನೂ ಹಾಕಿ. ಈಗ ಎತ್ತಿದ ಚಕ್ರ ಕೈಗೆ ತಿರುಗಬಾರದು. ಸುಮ್ಮನೆ ತಿರುಗಿದರೆ ಮಧ್ಯದಲ್ಲಿ ಎಲ್ಲೋ ಕೊಂಡಿ ಕಡಿದಿದೆ ಎಂದರ್ಥ.

2. ಇಳಿಜಾರು: ಮಣ್ಣಿನ ಇಳಿಜಾರಿನಲ್ಲಿ ಲೋ ಗೇರಿನಲ್ಲಿ ಇಳಿದು ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಲಿವರ್ ತಾನಾಗಿ ಹಿಂದಕ್ಕೆ ಜಿಗಿದರೆ ಟ್ರಾನ್ಸ್‌ಫರ್ ಕೇಸ್ ಸವೆದಿದೆ.

3. ಮುಂದಿನ ಚಕ್ರದ ಗುಂಡು: ಚಕ್ರದ ಹಿಂದಿರುವ ಗುಂಡಾದ ಭಾಗ ಎಣ್ಣೆ, ಗ್ರೀಸಿನಿಂದ ತೊಯ್ದಿದ್ದರೆ ಸೀಲು ಹೋಗಿದೆ. ಅಲ್ಲಿಂದ ಹಳ್ಳದ ನೀರು ಒಳನುಗ್ಗಿ ಬೇರಿಂಗ್ ತಿನ್ನುತ್ತದೆ. ಗುಂಡಿಗೆ ಬಿದ್ದೊಡನೆ ಸ್ಟಿಯರಿಂಗ್ ಗಡಗಡ ನಡುಗಿದರೆ ಕಿಂಗ್‌ಪಿನ್ ಬೇರಿಂಗನ್ನು ಸಂಶಯಿಸಿ. ಮಣ್ಣಿನ ದಾರಿಯಲ್ಲಿ ಪೂರ್ತಿ ತಿರುಗಿಸುವಾಗ ಟಕಟಕ ಸದ್ದು ಬಂದರೆ ಆಕ್ಸಲ್ ಜಾಯಿಂಟ್ ಹೋಗಿದೆ.

4. ತುಕ್ಕು: ನಮ್ಮ ಕಡೆಯ ಗಾಡಿಗಳಿಗೆ ಇದೇ ದೊಡ್ಡ ಶತ್ರು. ಮೈಲುತುತ್ತದ ಚೀಲ ಹೊತ್ತ ಗಾಡಿಯ ನೆಲದ ಚಾಪೆ ಎತ್ತಿ ನೋಡಿ. ಒದ್ದೆ ಮೈಲುತುತ್ತ ಕಬ್ಬಿಣವನ್ನು ಕರಗಿಸಿ ತಾನು ತಾಮ್ರವಾಗಿ ಕೂರುತ್ತದೆ. ಬೋರ್ಡೋ ದ್ರಾವಣದಲ್ಲಿ ಚಾಕು ಅದ್ದಿ ಪರೀಕ್ಷೆ ಮಾಡುವವರಿಗೆ ಇದು ಗೊತ್ತಿರುವ ಸಂಗತಿಯೇ. ರಸಗೊಬ್ಬರವೂ ತುಕ್ಕಿಗೆ ದಾರಿ. ಛಾಸಿಯನ್ನು, ವಿಶೇಷವಾಗಿ ಪ್ಲೇಟ್ ಸೆಟ್ ಹಿಡಿದಿರುವ ಕಡೆ, ಸಣ್ಣ ಸುತ್ತಿಗೆಯಿಂದ ತಟ್ಟಿ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ. ಕೊಳೆತದ್ದು ಮಂಕಾಗಿ ಸದ್ದು ಮಾಡುತ್ತದೆ. ಅಡಿಗೆ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ಎರಡು ಪಟ್ಟು ತಟ್ಟಿ ನೋಡಿ. ಎಂಜಿನ್ ಕೆಟ್ಟರೆ ರಿಪೇರಿ ಮಾಡಿಸಬಹುದು. ಕೊಳೆತ ಛಾಸಿಗೆ ಹಾಕಿದ ಹಣ ಹೊಳೆಗೆ ಹಾಕಿದಂತೆ.

ಕಾಗದ ಪತ್ರ

"ತೋಟದೊಳಗೆ ಓಡಿಸಲು ಕಾಗದ ಏಕೆ?" ಎನ್ನುವವರಿದ್ದಾರೆ. ಪೇಟೆಗೆ ಹೋಗಬೇಕಾದ ದಿನ ಅದೇ ಗಾಡಿ ಟಾರು ರಸ್ತೆಗೆ ಇಳಿಯುತ್ತದೆ. ವಿಮೆ ಇಲ್ಲದ ಗಾಡಿ ಯಾರಿಗಾದರೂ ತಾಗಿದರೆ ಪರಿಹಾರ ಕೊಡಬೇಕಾದವರು ನಾವು. ಒಂದು ಎಕರೆ ತೋಟವೇ ಹೋದೀತು. ಸ್ವಂತ ಬಳಕೆಯ ಗಾಡಿಯ ನೋಂದಣಿ 15 ವರ್ಷ. ಬಳಿಕ ತಪಾಸಣೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಈ ನವೀಕರಣದ ಶುಲ್ಕ 2022ರ ಏಪ್ರಿಲಿನಿಂದ ಕಾರುಗಳಿಗೆ ರೂ. 5,000 ಆಯಿತು. 20 ವರ್ಷ ಮೀರಿದ ಗಾಡಿಗಳಿಗೆ 2025ರ ಆಗಸ್ಟಿನಲ್ಲಿ ಅದನ್ನು ರೂ. 10,000ಕ್ಕೆ ಏರಿಸಿದರು. ಬೆಲೆ ಮಾತಾಡುವಾಗ ಈ ಲೆಕ್ಕವನ್ನೂ ಹಿಡಿಯಿರಿ. ಛಾಸಿ ಮತ್ತು ಎಂಜಿನ್ ನಂಬರುಗಳನ್ನು ಆರ್.ಸಿ.ಯೊಡನೆ ಅಕ್ಷರಕ್ಕೆ ಅಕ್ಷರ ತಾಳೆ ನೋಡಿ. ಮಿಲಿಟರಿ ಹರಾಜಿನ ಗಾಡಿಯಾದರೆ ಹರಾಜಿನ ಮೂಲ ಪತ್ರ ಕೇಳಿ. ಹೊರರಾಜ್ಯದ್ದಾದರೆ ನಿರಾಕ್ಷೇಪಣಾ ಪತ್ರ ಬೇಕು, ತೆರಿಗೆಯೂ ಬೀಳುತ್ತದೆ.

ಓಡಿಸುವಾಗ

ಫೋರ್‌ವೀಲ್ ಏರು ಹತ್ತಿಸುತ್ತದೆ, ಬ್ರೇಕು ಹಾಕುವುದಿಲ್ಲ. ಜಾರು ಇಳಿಜಾರಿನಲ್ಲಿ ಗಾಡಿಯನ್ನು ತಡೆಯುವುದು ಟಯರಿನ ಹಲ್ಲು ಮತ್ತು ಲೋ ಗೇರು. ಆದ್ದರಿಂದ ಸ್ಟೀರಿಯೋ, ಬಣ್ಣ, ಬಂಪರುಗಳಿಗಿಂತ ಮೊದಲು ನಾಲ್ಕು ಒಳ್ಳೆಯ ಟಯರು ಹಾಕಿಸಿ. ಲೋ ಗೇರನ್ನು ಗಾಡಿ ನಿಲ್ಲಿಸಿ, ಏರು ಶುರುವಾಗುವ ಮೊದಲೇ ಹಾಕಬೇಕು, ಹೂತ ಮೇಲಲ್ಲ. ಮುಂದಿನದೊಂದು, ಹಿಂದಿನದೊಂದು ಚಕ್ರ ಒಟ್ಟಿಗೆ ಹಿಡಿತ ತಪ್ಪಿದರೆ ಜಿಪ್ಸಿಯೂ ನಿಂತಲ್ಲೇ ನಿಲ್ಲುತ್ತದೆ. ಅದಕ್ಕೇ ಒಂದು ಹಾರೆ, ಹಗ್ಗ, ಎರಡು ಹಲಗೆ ಸದಾ ಹಿಂದಿರಲಿ. ಟಾರು ರಸ್ತೆ ಸೇರಿದೊಡನೆ ಫೋರ್‌ವೀಲ್ ತೆಗೆಯಿರಿ. ತಿರುವಿನಲ್ಲಿ ಮುಂದಿನ ಚಕ್ರ ಹೆಚ್ಚು ದೂರ ಓಡಬೇಕು. ಟಾರಿನ ಮೇಲೆ ಅವು ಜಾರಲಾರದೆ ಗೇರು, ಶಾಫ್ಟು ಬಿಗಿದು ಮುರಿಯುತ್ತವೆ.

ಕೊನೆಗೊಂದು ಮಾತು. ಇರುವ ಹಣವನ್ನೆಲ್ಲ ಗಾಡಿಗೇ ಸುರಿಯದೆ ಮೂರರಲ್ಲಿ ಒಂದು ಪಾಲನ್ನು ಮೊದಲ ವರ್ಷದ ರಿಪೇರಿಗೆ ಎತ್ತಿಡಿ. ನೋಡಲು ಹೋಗುವಾಗ ನಂಬಿಕೆಯ ಮೇಸ್ತ್ರಿಯನ್ನು ಕರೆದೊಯ್ಯಿರಿ. ಅವರ ಒಂದು ದಿನದ ಸಂಬಳ ದಂಡವಲ್ಲ. ಒಂದೇ ದಾರಿಯ ಮೂರು ಮನೆಯವರು ಮೂರು ಗುಜರಿ ಗಾಡಿ ಕೊಳ್ಳುವ ಬದಲು, ಒಬ್ಬರ ಹೆಸರಿನಲ್ಲಿ ಒಂದು ಒಳ್ಳೆಯ ಗಾಡಿ ಇಟ್ಟು ಖರ್ಚು ಹಂಚಿಕೊಳ್ಳಬಾರದೇಕೆ? ಕಾಯಿಲೆ, ಅಪಘಾತ ಯಾರ ಮನೆಯಲ್ಲಿ ಮೊದಲು ಎಂದು ಮಳೆ ಕೇಳಿ ಬರುವುದಿಲ್ಲ. ಸಹಕಾರ ಎಂಬುದು ಗೊಬ್ಬರದ ಗೋದಾಮಿಗೆ ಮಾತ್ರ ಮೀಸಲಾಗಬೇಕಿಲ್ಲ.

— ಕಾರ್ಯದರ್ಶಿ