ವಾಹನ ಎತ್ತರಿಸಿದ ಮಾತ್ರಕ್ಕೆ ದೊಡ್ಡ ಟೈರು ಕೂರುವುದೇ?

ಕೊಳ್ಳೇಗಾಲ: ಹನೂರು, ಕೌದಳ್ಳಿ, ತಾಳುಬೆಟ್ಟಗಳನ್ನು ಹಾದು ಮಲೆ ಮಹದೇಶ್ವರ ಬೆಟ್ಟ ಸೇರುವವರೆಗೆ ವಾಹನಕ್ಕೆ ಡಾಂಬರು ರಸ್ತೆಯ ಆಸರೆಯಿದೆ. ಅಲ್ಲಿಂದ ಮುಂದಕ್ಕೆ ಇಂಡಿಗನತ್ತ, ಮೆಂದಾರೆ, ತುಳಸಿಕೆರೆ, ಪಡಸಲನತ್ತದಂಥ ಕಾಡಿನ ಊರುಗಳಿಗೆ ಹೋಗುವವರ ಪಾಡೇ ಬೇರೆ. ಈ ಭಾಗದಲ್ಲಿ ರೋಗಿಗಳನ್ನು, ಗರ್ಭಿಣಿಯರನ್ನು ಡೋಲಿ ಕಟ್ಟಿ ಹೊತ್ತು ತಂದ ಸುದ್ದಿ ಪತ್ರಿಕೆಗಳಲ್ಲಿ ಹಲವು ಬಾರಿ ಪ್ರಕಟವಾಗಿದೆ. 2024ರ ಏಪ್ರಿಲ್ 26ರಂದು ಲೋಕಸಭಾ ಚುನಾವಣೆಯ ಮತದಾನದ ವೇಳೆ ಇಂಡಿಗನತ್ತದ ಮತಗಟ್ಟೆಯಲ್ಲಿ ನಡೆದ ಗಲಭೆಯ ಹಿಂದೆಯೂ ರಸ್ತೆ ಮೊದಲಾದ ಮೂಲಸೌಕರ್ಯಗಳಿಲ್ಲವೆಂಬ ಅಸಮಾಧಾನವೇ ಇತ್ತು.

ಇಂಥ ದಾರಿಯಲ್ಲಿ ಆಸ್ಪತ್ರೆಗೂ ಸಂತೆಗೂ ಜನ ನೆಚ್ಚಿಕೊಳ್ಳುವುದು ಜೀಪು ಮತ್ತು ಪಿಕಪ್‌ಗಳನ್ನು. ಕಲ್ಲಿಗೆ ತಳ ತಾಗದಿರಲೆಂದು ವಾಹನವನ್ನು ಎರಡು ಇಂಚು ಎತ್ತರಿಸಿ, ದೊಡ್ಡ ಟೈರು ಹಾಕಿಸಿಕೊಳ್ಳಬೇಕೆಂಬ ಆಸೆ ಮಾಲೀಕರಿಗೆ ಮೂಡುವುದು ಸಹಜ. ಆದರೆ ಗ್ಯಾರೇಜಿನ ಅಂಗಳದಲ್ಲಿ ಸಲೀಸಾಗಿ ತಿರುಗಿದ ಟೈರು, ಹೊರೆ ಹೇರಿಕೊಂಡು ಘಾಟಿಯ ಮೊದಲ ತಿರುವಿಗೆ ಬರುವಷ್ಟರಲ್ಲಿ ಮಡ್‌ಗಾರ್ಡಿಗೆ ಉಜ್ಜತೊಡಗುತ್ತದೆ. ಸಾವಿರಾರು ರೂಪಾಯಿ ಸುರಿದ ಮೇಲೂ ಹೀಗೇಕಾಗುತ್ತದೆ?

ದೊಡ್ಡ ಟೈರಿನ ಆಸೆ ಏಕೆ?

ಈ ಆಸೆಗೆ ಆಧಾರವಿಲ್ಲದಿಲ್ಲ. ಸ್ಪ್ರಿಂಗಿನಡಿ ಕಟ್ಟೆ ಕೊಟ್ಟು ವಾಹನವನ್ನು ಎತ್ತರಿಸಿದಾಗ ಚಾಸಿ ಮತ್ತು ಬಾಡಿ ಮೇಲೇರುತ್ತವೆ. ಹಿಂದಿನ ಆಕ್ಸಲ್ ಮತ್ತು ಅದರ ನಡುವೆ ಉಬ್ಬಿಕೊಂಡಿರುವ ಡಿಫರೆನ್ಷಿಯಲ್ ಮಾತ್ರ ಇದ್ದಲ್ಲೇ ಇರುತ್ತವೆ, ಏಕೆಂದರೆ ಅವು ನಿಂತಿರುವುದು ಸ್ಪ್ರಿಂಗಿನ ಮೇಲಲ್ಲ, ಚಕ್ರದ ಮೇಲೆ. ಕೊರಕಲಿನ ನಡುವಣ ಕಲ್ಲು ಮೊದಲು ಬಡಿಯುವುದು ಈ ಡಿಫರೆನ್ಷಿಯಲ್ಲಿಗೆ. ಅದನ್ನು ನೆಲದಿಂದ ಮೇಲೆತ್ತಬಲ್ಲದ್ದು ಟೈರು ಒಂದೇ. ಅದೂ ಅರ್ಧ ಲೆಕ್ಕದಲ್ಲಿ. ಟೈರಿನ ವ್ಯಾಸ 30 ಮಿ.ಮೀ. ಹೆಚ್ಚಿದರೆ ಆಕ್ಸಲ್ ಏರುವುದು 15 ಮಿ.ಮೀ. ಮಾತ್ರ.

ಅಳತೆಯ ಲೆಕ್ಕ

ಟೈರಿನ ಪಕ್ಕದಲ್ಲಿ 215/75 ಆರ್ 15 ಎಂದು ಬರೆದಿದ್ದರೆ, 215 ಎಂಬುದು ಮಿ.ಮೀ. ಲೆಕ್ಕದಲ್ಲಿ ಟೈರಿನ ಅಗಲ. 75 ಎಂದರೆ ಅಗಲದ ಶೇ. 75ರಷ್ಟು ಪಕ್ಕಗೋಡೆಯ ಎತ್ತರ. 15 ಎಂದರೆ ಇಂಚಿನಲ್ಲಿ ರಿಮ್ಮಿನ ವ್ಯಾಸ. ಎರಡು ಪಕ್ಕಗೋಡೆಗಳನ್ನೂ ರಿಮ್ಮನ್ನೂ ಕೂಡಿದರೆ ಒಟ್ಟು ವ್ಯಾಸ ಸುಮಾರು 703 ಮಿ.ಮೀ.

ಈ ಭಾಗದಲ್ಲಿ ಚಿರಪರಿಚಿತವಾದ ಬೊಲೆರೊ ಜೀಪಿನ ಸಾಮಾನ್ಯ ಅಳತೆ ಇದು. ಅದರ ಬದಲಿಗೆ 235/75 ಆರ್ 15 ಹಾಕಿದರೆ ವ್ಯಾಸ 733 ಮಿ.ಮೀ. ಆಗುತ್ತದೆ. ಅಂದರೆ ಮೇಲೆ, ಹಿಂದೆ, ಮುಂದೆ ತಲಾ 15 ಮಿ.ಮೀ., ಒಳಮೈ ಹೊರಮೈಗಳಲ್ಲಿ ತಲಾ 10 ಮಿ.ಮೀ. ಹೆಚ್ಚುವರಿ ಜಾಗ ಬೇಕು. ಇನ್ನೂ ಮುಂದುವರಿದು 31 ಇಂಚಿನ, ಹತ್ತೂವರೆ ಇಂಚು ಅಗಲದ ಟೈರನ್ನೇ ಆರಿಸಿದರೆ ವ್ಯಾಸ 787 ಮಿ.ಮೀ.ಗೆ ಜಿಗಿಯುತ್ತದೆ. ಆಗ ಸುತ್ತಲೂ ತಲಾ 42 ಮಿ.ಮೀ., ಅಕ್ಕಪಕ್ಕ ತಲಾ 26 ಮಿ.ಮೀ. ಜಾಗ ಹುಡುಕಬೇಕು.

ಎರಡು ಇಂಚು ಎಂದರೆ 50 ಮಿ.ಮೀ. ಬೇಕಾದದ್ದು 42. ಎಂದ ಮೇಲೆ ಎರಡು ಇಂಚು ಎತ್ತರಿಸಿದರೆ ಸಾಕಲ್ಲವೇ ಎಂದು ಯಾರಿಗಾದರೂ ತೋರೀತು. ಬಹುತೇಕರು ಎಡವುವುದು ಇಲ್ಲಿಯೇ.

ನಿಂತಾಗಿನ ಜಾಗ, ಕುಸಿದಾಗಿನ ಜಾಗ

ಸ್ಪ್ರಿಂಗನ್ನು ಎತ್ತರಿಸಿದರೆ ದೊರೆಯುವುದು ವಾಹನ ಸಮತಟ್ಟು ನೆಲದಲ್ಲಿ ನಿಂತಾಗಿನ ಜಾಗ. ಹೊರೆ ಬಿದ್ದಾಗ, ಗುಂಡಿಗೆ ಇಳಿದಾಗ ಸ್ಪ್ರಿಂಗ್ ಕುಸಿಯುತ್ತದೆ. ಅದು ಕುಸಿಯುವುದು ಬಂಪ್ ಸ್ಟಾಪ್ ಎಂಬ ರಬ್ಬರಿನ ತಡೆಗೆ ಮುಟ್ಟುವವರೆಗೆ. ಈ ತಡೆ ಕಂಪನಿ ಇಟ್ಟ ಜಾಗದಲ್ಲೇ ಇದ್ದರೆ, ಪೂರ್ಣ ಕುಸಿದ ಸ್ಥಿತಿಯಲ್ಲಿ ಆಕ್ಸಲ್ಲಿಗೂ ಮಡ್‌ಗಾರ್ಡಿಗೂ ನಡುವಣ ಅಂತರ ಎತ್ತರಿಸುವ ಮುನ್ನ ಎಷ್ಟಿತ್ತೋ ಅಷ್ಟೇ. ದೊಡ್ಡ ಟೈರು ಮಾತ್ರ ಆ ಅಂತರದಿಂದ 42 ಮಿ.ಮೀ. ಕಬಳಿಸಿರುತ್ತದೆ. ಆದ್ದರಿಂದ ಟೈರಿನ ತ್ರಿಜ್ಯ ಹೆಚ್ಚಿದ್ದಕ್ಕೆ ಅನುಗುಣವಾಗಿ ಬಂಪ್ ಸ್ಟಾಪನ್ನೂ ಉದ್ದಗೊಳಿಸಬೇಕಾಗುತ್ತದೆ.

ಚಾಸಿ ಮತ್ತು ಬಾಡಿಯ ನಡುವೆ ಕಟ್ಟೆ ಇಟ್ಟು ಬಾಡಿಯನ್ನಷ್ಟೇ ಎತ್ತರಿಸುವ ಕ್ರಮವೂ ಉಂಟು. ಇದರಲ್ಲಿ ಕುಸಿದ ಸ್ಥಿತಿಯಲ್ಲಿಯೂ ಜಾಗ ಸಿಗುವುದು ನಿಜ. ಆದರೆ ಸ್ಟೀರಿಂಗ್ ರಾಡು, ರೇಡಿಯೇಟರ್ ಕೊಳವೆ, ಗೇರ್ ಲಿವರ್ ಎಲ್ಲವನ್ನೂ ಹೊಂದಿಸಬೇಕು, ಬಾಡಿ ಹಿಡಿದಿರುವ ಬೋಲ್ಟುಗಳ ಮೇಲೆ ಹೆಚ್ಚಿನ ಒತ್ತಡ ಬೀಳುತ್ತದೆ. ಸರಕು ಹೊರುವ ಪಿಕಪ್ಪಿಗೆ ಇದು ಹೇಳಿಸಿದ್ದಲ್ಲ.

ಇನ್ನು ಟೈರು ಮುಂದಕ್ಕೂ ಹಿಂದಕ್ಕೂ ಬೆಳೆದಿರುವುದಕ್ಕೆ ಸ್ಪ್ರಿಂಗನ್ನು ಎತ್ತರಿಸುವುದು ಮದ್ದಲ್ಲ. ಸ್ಟೀರಿಂಗನ್ನು ಪೂರ್ತಿ ತಿರುಗಿಸಿದಾಗ ಟೈರಿನ ಮುಂಬದಿ ಬಂಪರಿನ ತುದಿಗೆ, ಹಿಂಬದಿ ಬಾಗಿಲ ಮುಂದಿನ ತಗಡಿಗೆ, ಒಳ ಅಂಚು ಚಾಸಿಗೆ ತಾಗುವುದು ಇದೇ ಕಾರಣದಿಂದ.

ರಿಮ್ಮಿನ ಮಾಯೆ

ಒಳಗೆ ತಾಗುತ್ತಿದೆಯೆಂದು ಚಕ್ರವನ್ನು ಹೊರಕ್ಕೆ ತಳ್ಳುವ ಅಗಲವಾದ ರಿಮ್ಮನ್ನೋ ಸ್ಪೇಸರನ್ನೋ ಹಾಕುವುದುಂಟು. ಒಳಗಿನ ಉಜ್ಜಾಟ ಅದರಿಂದ ನಿಲ್ಲುತ್ತದೆ. ಆದರೆ ಚಕ್ರ ಹೊರಕ್ಕೆ ಸರಿದಷ್ಟೂ ತಿರುವಿನಲ್ಲಿ ಅದರ ಹೊರ ಅಂಚು ಇನ್ನೂ ದೊಡ್ಡ ವೃತ್ತದಲ್ಲಿ ಸುತ್ತುತ್ತದೆ. ಒಳಗೆ ತಪ್ಪಿದ ತಾಗಾಟ ಬಂಪರಿನ ಬಳಿ ಹುಟ್ಟಿಕೊಳ್ಳುತ್ತದೆ. ಬೇರಿಂಗ್ ಮೇಲಿನ ಭಾರವೂ ಏರುತ್ತದೆ. ಎಷ್ಟು ಮಿ.ಮೀ. ಸರಿಸಬೇಕೆಂಬುದು ಅಳೆದು ತೀರ್ಮಾನಿಸುವ ವಿಷಯವೇ ಹೊರತು ಅಂದಕ್ಕಾಗಿ ಆರಿಸುವುದಲ್ಲ.

ಸ್ಟೀರಿಂಗ್ ಪೂರ್ತಿ ತಿರುಗದಂತೆ ತಡೆಯುವ ಬೋಲ್ಟನ್ನು ಸ್ವಲ್ಪ ಹೊರಕ್ಕೆ ತೆಗೆದು ಉಜ್ಜಾಟ ತಪ್ಪಿಸುವುದು ಇನ್ನೊಂದು ಉಪಾಯ. ಬಯಲುಸೀಮೆಯ ನೇರ ರಸ್ತೆಯಲ್ಲಿ ಇದರ ನಷ್ಟ ಗೊತ್ತಾಗದು. ತಾಳುಬೆಟ್ಟದ ಮೇಲಣ ಘಾಟಿಯಲ್ಲಿ ಒಂದೇ ಸಲಕ್ಕೆ ತಿರುಗಬೇಕಾದ ವಾಹನ ತಿರುವಿನ ನಡುವೆ ಹಿಂದಕ್ಕೆ ಬರಬೇಕಾದ ಪ್ರಸಂಗ ಒದಗಿದರೆ ಅದರ ಬೆಲೆ ತಿಳಿಯುತ್ತದೆ.

ಪರೀಕ್ಷೆ ಹೇಗೆ?

ನಾಲ್ಕೂ ಟೈರು ಕೊಳ್ಳುವ ಮುನ್ನ ಒಂದನ್ನು ಮಾತ್ರ ಮುಂದಿನ ಚಕ್ರಕ್ಕೆ ಜೋಡಿಸಿ ನೋಡುವುದು ಜಾಣತನ. ಅನುಮತಿಸಿದ ಮಿತಿಯೊಳಗೆ, ದಿನವೂ ಹೊರುವಷ್ಟು ಹೊರೆಯನ್ನು ವಾಹನದಲ್ಲಿ ಇಟ್ಟಿರಬೇಕು. ಆ ಚಕ್ರವನ್ನು ಗಟ್ಟಿಯಾದ ದಿಣ್ಣೆಯ ಮೇಲೂ, ಅದಕ್ಕೆ ಕರ್ಣರೇಖೆಯಲ್ಲಿರುವ ಹಿಂದಿನ ಚಕ್ರವನ್ನು ಇನ್ನೊಂದು ದಿಣ್ಣೆಯ ಮೇಲೂ ನಿಧಾನವಾಗಿ ಹತ್ತಿಸಿದರೆ ಸ್ಪ್ರಿಂಗ್ ಚೆನ್ನಾಗಿ ಕುಸಿಯುತ್ತದೆ. ಆ ಸ್ಥಿತಿಯಲ್ಲಿ ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಕೊನೆಯವರೆಗೆ ತಿರುಗಿಸಬೇಕು. ಮಡ್‌ಗಾರ್ಡಿನ ಒಳಮೈಗೆ ಮೊದಲೇ ಸುಣ್ಣ ಹಚ್ಚಿದ್ದರೆ ಎಲ್ಲಿ ತಾಗಿತೆಂಬುದು ತಾನಾಗಿ ಕಾಣುತ್ತದೆ. ಟೈರು ಎಲ್ಲಿಯೂ ತಾಗದೆ ಎರಡು ಬೆರಳು ತೂರುವಷ್ಟು ಸಂದು ಉಳಿದಿದ್ದರೆ ಒಳಿತು. ಮಳೆಗಾಲದ ಕೆಸರು ಟೈರಿನ ಕಚ್ಚುಗಳಲ್ಲಿ ಮೆತ್ತಿಕೊಂಡು ಆ ಸಂದನ್ನೂ ತುಂಬಿಬಿಡುತ್ತದೆ.

ತಾಗುತ್ತಿರುವುದು ಪ್ಲಾಸ್ಟಿಕ್ ಲೈನರಿಗೋ ಮಡ್‌ಫ್ಲಾಪಿಗೋ ಆಗಿದ್ದರೆ ಅದನ್ನು ಸರಿಸಿ ಬಿಗಿಯಬಹುದು. ತಗಡನ್ನೋ ಚಾಸಿಯನ್ನೋ ಕತ್ತರಿಸಬೇಕಾಗಿ ಬಂದರೆ ಆ ಅಳತೆಯ ಟೈರು ಆ ವಾಹನಕ್ಕಲ್ಲವೆಂದೇ ತಿಳಿಯಬೇಕು. ಬ್ರೇಕಿನ ರಬ್ಬರು ಕೊಳವೆಗೆ ಟೈರು ಉಜ್ಜುತ್ತಿದ್ದರಂತೂ ವಾಹನವನ್ನು ರಸ್ತೆಗೆ ಇಳಿಸಲೇಬಾರದು. ಎತ್ತರಿಸಿದ ವಾಹನದಲ್ಲಿ ಈ ಕೊಳವೆ ಎಳೆದಂತಾಗಿದೆಯೇ ಎಂದು ನೋಡಿಕೊಳ್ಳುವುದೂ, ಕೊನೆಯಲ್ಲಿ ಅಲೈನ್‌ಮೆಂಟ್ ಮಾಡಿಸುವುದೂ ಅಗತ್ಯ.

ಕಾಣದ ವೆಚ್ಚ

ಉಜ್ಜಾಟ ನಿಂತರೂ ಪ್ರಶ್ನೆ ಮುಗಿಯುವುದಿಲ್ಲ. 703ರಿಂದ 733 ಮಿ.ಮೀ.ಗೆ ಹೋದಾಗ ಸ್ಪೀಡೋಮೀಟರಿನ ಲೆಕ್ಕ ಶೇ. 4ರಷ್ಟು ತಪ್ಪುತ್ತದೆ. 787 ಮಿ.ಮೀ. ಆದರೆ ತಪ್ಪು ಶೇ. 12ರ ಸಮೀಪ, ಅಂದರೆ ಮುಳ್ಳು 60 ತೋರಿಸುವಾಗ ವಾಹನ ಗಂಟೆಗೆ 67 ಕಿ.ಮೀ. ವೇಗದಲ್ಲಿರುತ್ತದೆ. ಎಂಜಿನ್ನಿನ ಎಳೆತ ರಸ್ತೆಗೆ ತಲುಪುವುದು ಶೇ. 10ಕ್ಕೂ ಹೆಚ್ಚು ಕುಗ್ಗುತ್ತದೆ. ಬ್ರೇಕಿನ ಹಿಡಿತವೂ ಅದೇ ಪ್ರಮಾಣದಲ್ಲಿ ಸಡಿಲಾಗುತ್ತದೆ. ಏರುವಾಗ ಕೆಳಗಿನ ಗೇರು ಹಾಕಿ ಸುಧಾರಿಸಿಕೊಳ್ಳಬಹುದು, ಇಳಿಯುವಾಗ ಬ್ರೇಕಿಗೆ ಅಂಥ ಬದಲಿ ಇಲ್ಲ. ವಾಹನದ ಭಾರಕೇಂದ್ರವೂ ಮೇಲೇರಿರುವುದರಿಂದ ತಿರುವಿನಲ್ಲಿ ವಾಲುವ ಅಪಾಯ ಹೆಚ್ಚು. ಜಾತ್ರೆಯ ದಿನಗಳಲ್ಲಿ ಸರಕು ವಾಹನದ ತೊಟ್ಟಿಯಲ್ಲಿ ಜನರನ್ನು ನಿಲ್ಲಿಸಿಕೊಂಡು ಹೋಗುವುದು ಮೊದಲೇ ಕಾನೂನುಬಾಹಿರ, ಎತ್ತರಿಸಿದ ವಾಹನದಲ್ಲಂತೂ ಪ್ರಾಣದೊಡನೆ ಆಟ.

ನಾಲ್ಕು ಚಕ್ರಗಳ ಎಳೆತವುಳ್ಳ ವಾಹನವಾದರೆ ನಾಲ್ಕೂ ಟೈರುಗಳ ಸುತ್ತಳತೆ ಒಂದೇ ಇರಬೇಕು, ಇಲ್ಲವಾದರೆ ಗೇರು ವ್ಯವಸ್ಥೆಯೇ ಹಾಳಾಗುತ್ತದೆ. ಸ್ಟೆಪ್ನಿಯೂ ಅದೇ ಅಳತೆಯದಿರಬೇಕೆಂಬುದನ್ನು ಲೆಕ್ಕಕ್ಕೆ ಸೇರಿಸಿದರೆ ಖರ್ಚು ಐದು ಟೈರಿನದು. ಪಕ್ಕಗೋಡೆಯ ಮೇಲಿನ ಭಾರ ಸೂಚ್ಯಂಕವನ್ನೂ ಓದಬೇಕು. 100 ಎಂದಿದ್ದರೆ ಒಂದು ಟೈರು ಹೊರಬಲ್ಲದ್ದು ಗರಿಷ್ಠ 800 ಕಿಲೋ. ನೋಡಲು ದಪ್ಪನಾಗಿರುವ ಟೈರೆಲ್ಲ ಹೆಚ್ಚು ಹೊರುವುದೆಂಬುದು ಭ್ರಮೆ.

ಕಾನೂನು ಏನೆನ್ನುತ್ತದೆ?

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮಿನಂತೆ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ, ಅಥವಾ ಎರಡನ್ನೂ ವಿಧಿಸಬಹುದು. ಸರಕು ವಾಹನಗಳ ನೋಂದಣಿ ವಿವರದಲ್ಲಿ ಟೈರಿನ ಅಳತೆಯನ್ನು ನಮೂದಿಸುವ ಕ್ರಮವಿರುವುದರಿಂದ ಎಫ್‌ಸಿ ತಪಾಸಣೆಯಲ್ಲಿ ವ್ಯತ್ಯಾಸ ಸಿಕ್ಕಿಬೀಳುತ್ತದೆ. ಅಪಘಾತವಾದಾಗ ವಿಮಾ ಪರಿಹಾರಕ್ಕೂ ತೊಡಕಾಗಬಹುದು.

ಹಾಗಾದರೆ ಯಾರಿಗೆ ಏನು?

ಕೊಳ್ಳೇಗಾಲದಿಂದ ಯಳಂದೂರು, ಚಾಮರಾಜನಗರಗಳತ್ತ ಹೆದ್ದಾರಿಯಲ್ಲಿ ಬಾಳೆ, ಅರಿಶಿನ ಸಾಗಿಸುವ ಪಿಕಪ್ಪಿಗೆ ದೊಡ್ಡ ಟೈರು ಡೀಸೆಲ್ ಖರ್ಚು ಹೆಚ್ಚಿಸುವುದಲ್ಲದೆ ಬೇರೇನೂ ಮಾಡದು. ಯಳಂದೂರಿನಿಂದ ಗುಂಬಳ್ಳಿ ಮಾರ್ಗವಾಗಿ ಬಿಳಿಗಿರಿರಂಗನಬೆಟ್ಟಕ್ಕೆ ಹೋಗುವವರಿಗೂ ಅದು ಬೇಕಿಲ್ಲ. ಹುಲಿ ಸಂರಕ್ಷಿತ ಪ್ರದೇಶದಲ್ಲಿ ಸಾರ್ವಜನಿಕ ರಸ್ತೆ ಬಿಟ್ಟು ಖಾಸಗಿ ವಾಹನವನ್ನು ಕಾಡಿಗಿಳಿಸಲು ಅವಕಾಶವೇ ಇಲ್ಲ.

ಉಳಿದವರು ಹನೂರು ತಾಲ್ಲೂಕಿನ ಕಾಡಂಚಿನ ಊರುಗಳಿಗೆ ದಿನವೂ ಹೋಗಿಬರುವವರು. ಇವರಿಗೂ ಮೊದಲ ಹೆಜ್ಜೆ ಕಂಪನಿ ಒಪ್ಪಿದ ಅಳತೆಯಲ್ಲೇ ಆಳವಾದ ಕಚ್ಚುಗಳ, ಗಟ್ಟಿ ಪಕ್ಕಗೋಡೆಯ ಟೈರು. ಕುಗ್ಗಿದ ಸ್ಪ್ರಿಂಗನ್ನು ಹೊಸದಾಗಿ ಹಾಕಿಸಿದರೆ ಕಳೆದುಹೋದ ಎತ್ತರ ಕಾನೂನಿಗೆ ತೊಡಕಿಲ್ಲದೆ ಮರಳುತ್ತದೆ. ಕೆಸರಿನಲ್ಲಿ ಗಾಳಿ ಸ್ವಲ್ಪ ಇಳಿಸಿದರೆ ಟೈರು ನೆಲವನ್ನು ಹೆಚ್ಚು ಹಿಡಿಯುತ್ತದೆ, ಡಾಂಬರಿಗೆ ಬಂದೊಡನೆ ತುಂಬಿಸಿಕೊಳ್ಳುವುದನ್ನು ಮರೆಯಬಾರದು. ಅದೇ ಮಾದರಿಯ ಬೇರೆ ಆವೃತ್ತಿಗೆ ಕಂಪನಿಯೇ ದೊಡ್ಡ ಅಳತೆ ಕೊಟ್ಟಿದ್ದರೆ, ಆ ಅಳತೆ ತಮ್ಮ ವಾಹನಕ್ಕೂ ಸಲ್ಲುವುದೇ ಎಂದು ಕಂಪನಿಯ ಸೇವಾ ಕೇಂದ್ರದಲ್ಲಿಯೂ ಆರ್‌ಟಿಒ ಕಚೇರಿಯಲ್ಲಿಯೂ ವಿಚಾರಿಸಿ ಮುಂದುವರಿಯಬಹುದು.

ರಾತ್ರಿ ಹೊತ್ತಿನಲ್ಲಿ ಹೆರಿಗೆ ನೋವಿನ ಹೆಂಗಸನ್ನು ಕರೆತರುವ ವಾಹನಕ್ಕೆ ದೊಡ್ಡ ಟೈರಿಗಿಂತ ಮುಖ್ಯವಾದದ್ದು ನಡುದಾರಿಯಲ್ಲಿ ಉಜ್ಜಿ ಹರಿಯದ ಟೈರು ಮತ್ತು ಇಳಿಜಾರಿನಲ್ಲಿ ಕೈಕೊಡದ ಬ್ರೇಕು. ಉಳಿದ ಕೆಲಸ ರಸ್ತೆಯದು. ಅದನ್ನು ಯಾವ ಅಳತೆಯ ಟೈರೂ ಮಾಡಿಕೊಡಲಾರದು.