ವೇಗಕ್ಕೂ ಮೈನಸ್ಸೇ?

ಮೊನ್ನೆ ಒಂಬತ್ತನೇ ಕ್ಲಾಸಿನ ಮಗಳು ಟೆಸ್ಟ್ ಪೇಪರ್ ಹಿಡಿದು ಅಳುತ್ತಾ ಬಂದಳು. ಸರಾಸರಿ ವೇಗ ಮೈನಸ್ ಬಂತೆಂದು ಹೆದರಿ, ಆ ಗೆರೆಯನ್ನೇ ಅಳಿಸಿ ಮಾರ್ಕ್ಸ್ ಕಳೆದುಕೊಂಡಿದ್ದಳು. “ಮುಂದೆ ಸೈನ್ಸ್ ಬೇಡಮ್ಮ” ಅಂದಾಗ ನನಗೆ ಚುರುಕ್ಕೆಂದಿತು. ಎಸ್ಸೆಸ್ಸೆಲ್ಸಿ ಆದಮೇಲೆ ನಾನೂ ಹೀಗೇ ಹೆದರಿ ಬಿಟ್ಟವಳಲ್ಲವೇ! ಒಲೆ ಆರಿಸಿ ಪಕ್ಕ ಕೂತೆ.

ನಮ್ಮ ಮನೆ ಸೊನ್ನೆ ಎಂದಿಟ್ಟುಕೊಳ್ಳಿ. ಅಂಗಡಿಯ ಕಡೆ ಪ್ಲಸ್, ಹಿಟ್ಟಿನ ಗಿರಣಿಯ ಕಡೆ ಮೈನಸ್. ಹುಡುಗಿ 200 ಮೀಟರ್ ನಡೆದು ಅಂಗಡಿಗೆ ಹೋದಳು. ಅಲ್ಲಿಂದ ತಿರುಗಿ, ಮನೆಯನ್ನೂ ದಾಟಿ, ಆಚೆ 100 ಮೀಟರ್ ದೂರದ ಗಿರಣಿಗೆ ಬಂದಳು. ಒಟ್ಟು 10 ನಿಮಿಷ. ಕಾಲು ಸವೆದದ್ದು 500 ಮೀಟರ್. ಸರಾಸರಿ ಜವ ನಿಮಿಷಕ್ಕೆ 50 ಮೀಟರ್. ಇದು ಎಂದೂ ಮೈನಸ್ ಆಗದು. ಆದರೆ ವೇಗಕ್ಕೆ ಬೇಕಾದದ್ದು ಸ್ಥಾನಪಲ್ಲಟ. ಹೊರಟಲ್ಲಿಂದ ಕಡೆಗೆ ಎಷ್ಟು ದೂರ, ಯಾವ ಕಡೆ ನಿಂತಳು? ಮೈನಸ್ 100 ಮೀಟರ್. 10ರಿಂದ ಭಾಗಿಸಿದರೆ ನಿಮಿಷಕ್ಕೆ ಮೈನಸ್ 10 ಮೀಟರ್.

“ಅಂದ್ರೆ ನಿಧಾನ ಆದಳು ಅಂತಲ್ವಾ?”

ಅಲ್ಲವೇ ಅಲ್ಲ. ಓಡಿಕೊಂಡು ಹೋಗಿದ್ದರೂ ಮೈನಸ್ಸೇ. ಗಿರಣಿಯ ಕಡೆಯನ್ನೇ ಮೊದಲು ಪ್ಲಸ್ ಎಂದುಕೊಂಡಿದ್ದರೆ ಉತ್ತರವೂ ಪ್ಲಸ್. ಗುರುತು ನಾವು ಹಾಕಿಕೊಂಡದ್ದು ತಾನೇ?

ಇನ್ನು ಹೊರಟ ಮನೆಗೇ ವಾಪಸು ಬಂದರೆ ಸರಾಸರಿ ವೇಗ ಸೊನ್ನೆ! ದಿನವಿಡೀ ಅಡುಗೆಮನೆ, ಹಿತ್ತಿಲು ಎಂದು ಓಡಾಡುವ ನಮ್ಮ ಪಾಡೂ ಅದೇ. (ಯಜಮಾನರಿಗೆ ಮಾತ್ರ ಹೇಳಬೇಡಿ.)

ಮಗಳು ನಕ್ಕು ಇನ್ನೊಂದು ಲೆಕ್ಕ ಹಾಕಿದಳು. ಮೈನಸ್ ಬಂತು. ರಬ್ಬರ್ ಮುಟ್ಟಲಿಲ್ಲ.