ಮರಿ ಮಾರಿಯಾದಾಗ: ರುಮಟಾಯ್ಡ್ ಸಂಧಿವಾತದ ಅಣುಮಟ್ಟದ ಗುರುತು

ದ್ವಿತೀಯ ಪಿಯುಸಿ ಜೀವಶಾಸ್ತ್ರ ಪುಸ್ತಕದಲ್ಲಿ ಸ್ವಯಂ ಪ್ರತಿರಕ್ಷಾ ರೋಗಗಳಿಗೆ ಸಿಗುವುದು ಕೆಲವೇ ಸಾಲು. ದೇಹ ತನ್ನ ಜೀವಕೋಶಗಳ ಮೇಲೆಯೇ ದಾಳಿ ಮಾಡುತ್ತದೆ, ಉದಾಹರಣೆ ರುಮಟಾಯ್ಡ್ ಸಂಧಿವಾತ, ಅಲ್ಲಿಗೆ ಮುಗಿಯಿತು. ‘ತನ್ನದು ಅಂತ ದೇಹಕ್ಕೆ ಗೊತ್ತಾಗೋದಿಲ್ವಾ?’ ಎಂದು ವಿದ್ಯಾರ್ಥಿ ಕೇಳಿದರೆ ಏನು ಹೇಳಬೇಕು?

ಪ್ರೋಟೀನ್‌ನಲ್ಲಿರುವ ಅರ್ಜಿನಿನ್ ಎಂಬ ಅಮೈನೋ ಆಮ್ಲವನ್ನು ಪ್ಯಾಡ್ ಎಂಬ ಕಿಣ್ವ ಸಿಟ್ರುಲಿನ್ ಆಗಿ ಬದಲಿಸುತ್ತದೆ. ಅರ್ಜಿನಿನ್‌ನ ಧನ ಆವೇಶ ಹೋಗಿ ಪ್ರೋಟೀನ್‌ನ ರೂಪ ತುಸು ಬೇರೆಯಾಗುತ್ತದೆ. ಕಪ್ಪುಹಲಗೆಯ ಮೇಲೆ ‘ಮರಿ’ ಎಂದು ಬರೆದು ಒಂದು ದೀರ್ಘ ಸೇರಿಸಿ ‘ಮಾರಿ’ ಮಾಡಿ ತೋರಿಸಿದರೆ ಸಾಕು. ಸೈನಿಕ ಮತ್ತು ಶತ್ರುವಿನ ಹಳೆಯ ಹೋಲಿಕೆಗಿಂತ ಇದೇ ಮೇಲು ಎಂಬುದು ನನ್ನ ಅಭಿಪ್ರಾಯ. ಇಲ್ಲಿ ಡಿಎನ್ಎ ಬದಲಾಗಿಲ್ಲ, ಪ್ರೋಟೀನ್ ತಯಾರಾದ ನಂತರ ತಿದ್ದುಪಡಿಯಾಗಿದೆ ಎಂಬುದನ್ನು ಒತ್ತಿ ಹೇಳಬೇಕು. ಸಿಟ್ರುಲಿನ್‌ಗೆ ಸಂಕೇತವೇ ಇಲ್ಲ. ಈ ಬದಲಾವಣೆ ಆರೋಗ್ಯವಂತರಲ್ಲೂ ನಡೆಯುತ್ತದೆ. ಕೆಲವರಲ್ಲಿ ಮಾತ್ರ ಪ್ರತಿರಕ್ಷಣಾ ವ್ಯವಸ್ಥೆ ಅದನ್ನು ಪರಕೀಯವೆಂದು ಎಣಿಸಿ ಪ್ರತಿಕಾಯ ತಯಾರಿಸುತ್ತದೆ. ಆನುವಂಶಿಕತೆ, ಧೂಮಪಾನ ಎರಡೂ ಅದರ ಸಾಧ್ಯತೆಯನ್ನು ಹೆಚ್ಚಿಸುತ್ತವೆ.

ಹಳೆಯ ರುಮಟಾಯ್ಡ್ ಫ್ಯಾಕ್ಟರ್ ಪರೀಕ್ಷೆ ಬೇರೆ ಸೋಂಕುಗಳಲ್ಲಿ, ಆರೋಗ್ಯವಂತ ವೃದ್ಧರಲ್ಲೂ ಪಾಸಿಟಿವ್ ಬರುವುದುಂಟು. ಸಿಟ್ರುಲಿನ್ ಇರುವ ಉಂಗುರಾಕಾರದ ಪೆಪ್ಟೈಡ್ ಬಳಸುವ ಆಂಟಿ-ಸಿಸಿಪಿ ಪರೀಕ್ಷೆ ಹೆಚ್ಚು ನಿಖರ. ಈ ಪ್ರತಿಕಾಯಗಳು ಕೀಲು ಊದಿಕೊಳ್ಳುವುದಕ್ಕೆ ವರ್ಷಗಳ ಮೊದಲೇ ರಕ್ತದಲ್ಲಿ ಕಾಣಿಸಬಹುದು. ಹಾಗೆಂದು ‘ಪಾಸಿಟಿವ್ ಎಂದರೆ ರೋಗ, ನೆಗೆಟಿವ್ ಎಂದರೆ ಇಲ್ಲ’ ಎಂದು ಪಾಠದಲ್ಲಿ ಹೇಳಬಾರದು. ವೈದ್ಯರು ಕೀಲುಗಳನ್ನೂ ನೋಡಿಯೇ ನಿರ್ಧರಿಸುತ್ತಾರೆ. ನಮ್ಮಲ್ಲಿ ಕೀಲುನೋವೆಲ್ಲವೂ ‘ವಾತ’ವೇ. ಎಣ್ಣೆ ತಿಕ್ಕುತ್ತಾ ಕಾಲ ಕಳೆಯುವಷ್ಟರಲ್ಲಿ ಬೆರಳು ಸೊಟ್ಟಗಾದರೆ ಅದು ಮತ್ತೆ ನೆಟ್ಟಗಾಗುವುದು ಕಷ್ಟ. ಬೆಳಗ್ಗೆ ಎದ್ದಾಗ ಬಹಳ ಹೊತ್ತು ಬೆರಳು ಮಡಚಲಾಗದ ತಾಯಿ, ಅಜ್ಜಿ ಮಕ್ಕಳ ಮನೆಯಲ್ಲಿ ಇರಬಹುದು.

ಚಿಕಿತ್ಸೆ ಸಾಮಾನ್ಯವಾಗಿ ಮೆಥೋಟ್ರೆಕ್ಸೇಟ್‌ನಿಂದ ಆರಂಭ. ಅದು ಸಾಲದಿದ್ದರೆ ಟಿಎನ್ಎಫ್ ಎಂಬ ಸಂದೇಶವಾಹಕ ಪ್ರೋಟೀನ್ ಅನ್ನು ತಡೆಯುವ ಔಷಧಗಳಿವೆ. ಕೀಲಿನಲ್ಲಿ ಉರಿಯೂತದ ಹಲವು ಸಂದೇಶಗಳು ಒಟ್ಟಿಗೆ ಓಡಾಡುತ್ತಿರುವಾಗ ಒಂದನ್ನು ತಡೆದು ಏನು ಪ್ರಯೋಜನ ಎಂಬ ಅನುಮಾನ ಸಹಜ. ಟಿಎನ್ಎಫ್ ತಡೆದರೆ ಉಳಿದವೂ ತಗ್ಗುತ್ತವೆಂದು ಲಂಡನ್ನಿನ ಮಾರ್ಕ್ ಫೆಲ್ಡ್‌ಮನ್ ಮತ್ತು ಭಾರತದಲ್ಲಿ ಹುಟ್ಟಿದ ರವೀಂದರ್ ಮೈನಿ ತೋರಿಸಿ, 1992ರಲ್ಲಿ ರೋಗಿಗಳ ಮೇಲೆ ಪ್ರಯೋಗ ಆರಂಭಿಸಿದರು. ಆದರೆ ಶ್ವಾಸಕೋಶದಲ್ಲಿ ಸುಪ್ತವಾಗಿರುವ ಕ್ಷಯದ ಬ್ಯಾಕ್ಟೀರಿಯಾವನ್ನು ಕಟ್ಟಿಹಾಕಿರುವುದರಲ್ಲಿಯೂ ಟಿಎನ್ಎಫ್‌ನ ಪಾಲಿದೆ. ಅದನ್ನು ತಡೆದರೆ ಕ್ಷಯ ಮರಳಿ ಏಳಬಹುದು. ಆದ್ದರಿಂದ ಈ ಔಷಧ ಕೊಡುವ ಮೊದಲು ಕ್ಷಯದ ಪರೀಕ್ಷೆ ಮಾಡಿಸುತ್ತಾರೆ.